ಜಮೆಯಿಂದ ಖರ್ಚಿಗೆ: ಒಂದು ಹೋಟೆಲಿನ ಹಿಂಬಾಗಿಲ ಚರಿತ್ರೆ

ನಮ್ಮ ಹೋಟೆಲಿನ ಹಳೆಯ ಕಿರ್ದಿ ಪುಸ್ತಕಗಳನ್ನು ನಾನು ಗೆದ್ದಲು ತಿನ್ನಲು ಬಿಟ್ಟಿಲ್ಲ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಅಜ್ಜಯ್ಯ ಕುಂದಾಪುರದ ಕಡೆಯಿಂದ ಬಂದು ಚಾಮರಾಜಪೇಟೆಯಲ್ಲಿ ಹೋಟೆಲ್ ಇಟ್ಟದ್ದು 1946ರಲ್ಲಿ. ಆ ವರ್ಷದ ಪುಸ್ತಕದಲ್ಲಿ ಗಲ್ಲಾ ವಸೂಲಿಯ ಕೆಳಗೆ ತಿಂಗಳಿಗೊಮ್ಮೆ ಒಂದು ಸಣ್ಣ ಬಾಬ್ತು ಬರುತ್ತದೆ: ‘ಕಲಗಚ್ಚು, 3-0-0’. ಪಾತ್ರೆ ತೊಳೆದ ಮೊದಲ ನೀರು, ಅನ್ನದ ಗಂಜಿ, ಮಿಕ್ಕ ಸಾಂಬಾರು, ತರಕಾರಿ ಸಿಪ್ಪೆ, ಇವನ್ನು ಹಸು ಕಟ್ಟಿದವರಿಗೆ ಕೊಟ್ಟು ಪಡೆದ ಮೂರು ರೂಪಾಯಿ ಅದು. ಖರ್ಚಿನ ಬದಿಯಲ್ಲಿ ಸೌದೆ ಡಿಪೋದವರ ಹೆಸರಿದೆ, ಬಾಳೆಲೆ ತರುತ್ತಿದ್ದವಳ ಹೆಸರಿದೆ, ಹಾಲಿನವರ ಮೂವರ ಹೆಸರೂ ಇದೆ. ಒಬ್ಬನಿಗೆ ಮಾತ್ರ ಹೆಸರಿಲ್ಲ: ‘ಮೋರಿಯವನು, 0-4-0’.

ಬೆಂಗಳೂರಿನ ಹೋಟೆಲುಗಳ ಬಗ್ಗೆ ಬರೆದವರು ಬಹಳ. ಯಾವ ಸಾಹಿತಿ ಯಾವ ಮೇಜಿನಲ್ಲಿ ಕೂರುತ್ತಿದ್ದರು, ಯಾವ ಹೋಟೆಲಿನ ಮಸಾಲೆದೋಸೆ ಎಷ್ಟು ಗರಿ, ಕಾಫಿಗೆ ಯಾವ ಬೀಜ, ಎಲ್ಲವೂ ದಾಖಲಾಗಿದೆ. ಸಾಹಿತ್ಯ ಪರಿಷತ್ತು ಇರುವ ಬಡಾವಣೆಯಲ್ಲಿ ಹೋಟೆಲ್ ನಡೆಸಿದ ನಮಗೂ ಅಂಥ ಕಥೆಗಳು ಉಂಟು. ಆದರೆ ಅವೆಲ್ಲ ಮುಂಬಾಗಿಲಿನಿಂದ ಕಂಡ ಹೋಟೆಲು. ತಿಂದು ಕೈ ತೊಳೆದ ಮೇಲೆ ಆ ನೀರು, ಆ ಜಿಡ್ಡು ಎಲ್ಲಿಗೆ ಹೋಯಿತು, ಅದನ್ನು ಹೊತ್ತವರು ಯಾರು ಎಂಬುದನ್ನು ಯಾರೂ ಬರೆದಂತಿಲ್ಲ. ಗಲ್ಲಾದ ಮೇಲೆ ಕೂತ ಮೂರನೆಯ ತಲೆಮಾರಿನವನಾಗಿ, ಕಟ್ಟಿಕೊಂಡ ಪೈಪುಗಳ ಜೊತೆ ನನ್ನ ಅರ್ಧ ಆಯುಷ್ಯ ಕಳೆದವನಾಗಿ, ಆ ಕಡೆಯಿಂದ ಬರೆಯಲು ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಗೆ, ಕೋಟೆಯ ಪಡುವಣಕ್ಕೆ, ಗೆರೆ ಎಳೆದು ಕಟ್ಟಿದ ಬಡಾವಣೆ. ಇಲ್ಲಿ ಮನೆಗಳ ಎರಡು ಸಾಲು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ, ನಡುವೆ ಒಂದು ಸಂದಿ. ಕಾಗದಪತ್ರಗಳಲ್ಲಿ ಅದು ಕನ್ಸರ್ವೆನ್ಸಿ ಲೇನ್, ನಮ್ಮ ಬಾಯಲ್ಲಿ ಹಿಂದಿನ ಸಂದಿ. ಪಾಯಖಾನೆಗಳ ಬಾಗಿಲು ಅತ್ತ ಕಡೆಗೇ ತೆರೆಯುತ್ತಿತ್ತು. ಬೆಳಕು ಹರಿಯುವ ಮುಂಚೆ ಮಲ ಹೊರುವವರು ಆ ಸಂದಿಯಲ್ಲೇ ಬಂದು, ಬಕೆಟ್ಟುಗಳನ್ನು ಗಾಡಿಗೆ ಸುರಿದುಕೊಂಡು, ಆ ಸಂದಿಯಲ್ಲೇ ಹೋಗಬೇಕು. ಮುಂದಿನ ರಸ್ತೆಯಲ್ಲಿ ಅವರ ಮುಖ ಯಾರಿಗೂ ಕಾಣಬಾರದು. 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಇಳಿದಾಗ ಪೇಟೆಯ ಜನ ದಿಕ್ಕಾಪಾಲಾದರು. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು ಆ ಭಯದಿಂದ. ಅಲ್ಲಿಯೂ ಇದೇ ನಕ್ಷೆ, ಇದೇ ಸಂದಿ. ಗಾಳಿ, ಬೆಳಕು, ಶುಚಿ ಎಂದು ಹೊಗಳಿಸಿಕೊಂಡ ಆ ಬಡಾವಣೆಗಳ ಶುಚಿ ನಿಂತದ್ದು ಈ ಹಿಂದಿನ ಸಂದಿಗಳ ಮೇಲೆ, ಅಲ್ಲಿ ಓಡಾಡಿದವರ ತಲೆಯ ಮೇಲೆ.

ಅಜ್ಜಯ್ಯ ಹಿಡಿದ ಮನೆಗೂ ಅಂಥ ಹಿಂಬಾಗಿಲು ಇತ್ತು. ಅಡುಗೆಮನೆಯ ಬಚ್ಚಲಿನಿಂದ ಒಂದು ತೆರೆದ ಮೋರಿ ಸಂದಿಯ ಚರಂಡಿಗೆ ಬೀಳುತ್ತಿತ್ತು. ಮೋರಿ ಇತ್ತು, ಆದರೆ ಅದಕ್ಕೆ ಬೀಳುತ್ತಿದ್ದುದು ಕಡಿಮೆ. ಕಿರ್ದಿ ನೋಡಿದರೆ ಕಾರಣ ತಿಳಿಯುತ್ತದೆ. ಊಟ ಬಾಳೆಲೆಯಲ್ಲಿ, ಉಪ್ಪಿಟ್ಟು ಕೇಸರಿಬಾತು ಮುತ್ತುಗದ ಎಲೆಯಲ್ಲಿ. ಎಲೆಗೆ ಅಂಟಿದ ತುಪ್ಪ ಎಲೆಯ ಜೊತೆಗೇ ಹೋಗುತ್ತಿತ್ತು, ಆ ಎಲೆ ದನದ ಬಾಯಿಗೆ. ಲೋಟ, ಕೊಪ್ಪರಿಗೆ, ಬಾಣಲೆಗಳನ್ನು ಮೊದಲು ಒಲೆಯ ಬೂದಿಯಿಂದ ತಿಕ್ಕುವುದು. ಬೂದಿ ಜಿಡ್ಡನ್ನು ಹೀರಿಕೊಂಡು ಮುದ್ದೆಯಾಗುತ್ತದೆ, ತೆಂಗಿನ ನಾರಿನಲ್ಲಿ ಅದನ್ನು ಬಳಿದು ತಿಪ್ಪೆಗೆ. ಹೆಚ್ಚು ಎಣ್ಣೆಯಾದದ್ದಕ್ಕೆ ಸೀಗೆಪುಡಿ. ಮೊದಲ ತೊಳೆಯ ನೀರು ಕಲಗಚ್ಚಿನ ಹಂಡೆಗೆ. ಕೆಂಪಾಂಬುಧಿ ಕೆರೆಯ ಕಡೆಯಿಂದ ಹಸುವಿನವರು ದಿನಕ್ಕೆರಡು ಬಾರಿ ಬಂದು ಹಂಡೆ ಬರಿದು ಮಾಡಿಕೊಂಡು ಹೋಗುತ್ತಿದ್ದರು. ಮೋರಿಗೆ ಉಳಿದದ್ದು ಎರಡನೆಯ, ಮೂರನೆಯ ತೊಳೆಯ ನೀರು ಮಾತ್ರ.

ಆ ನೀರೂ ಅಳತೆಯದ್ದೇ. ಹೆಸರಘಟ್ಟದಿಂದ ನಲ್ಲಿ ನೀರು ಬಂದದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದ್ದು 1933ರಲ್ಲಿ. ನಮ್ಮ ನಲ್ಲಿಗೆ ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ತುಂಬಿಟ್ಟ ತೊಟ್ಟಿಯ ನೀರನ್ನು ಸುಮ್ಮನೆ ಚೆಲ್ಲುವವರ ಮೇಲೆ ಅಜ್ಜಯ್ಯ ಸೌಟು ಎತ್ತುತ್ತಿದ್ದರಂತೆ. ಎಣ್ಣೆ, ತುಪ್ಪಗಳೂ ಕೈ ಬಿಗಿಹಿಡಿದು ಖರ್ಚಾಗುತ್ತಿದ್ದವು. ದೋಸೆಗೆ ತುಪ್ಪವನ್ನು ಚಿಕ್ಕ ಸೌಟಿನಲ್ಲಿ ಬಿಡುವುದು, ಕಾವಲಿಗೆ ಎಣ್ಣೆಯನ್ನು ಅರ್ಧ ಈರುಳ್ಳಿಯಲ್ಲಿ ಸವರುವುದು. ಬೋಂಡಾ ಕರಿದ ಎಣ್ಣೆ ತಳ ಕಾಣುವವರೆಗೆ ಒಗ್ಗರಣೆಗೆ ಬಂದು ಮುಗಿಯುತ್ತಿತ್ತು, ಅದು ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ಹೊರಹಾಕಲು ಜಿಡ್ಡೇ ಇರಲಿಲ್ಲ. ಹಾಗಾಗಿ ಬ್ಲಾಕ್ ಅನ್ನುವ ಮಾತು ಮೊದಲ ಹತ್ತು ವರ್ಷದ ಕಿರ್ದಿಯಲ್ಲಿ ಕಾಣುವುದಿಲ್ಲ. ಮೋರಿಯವನಿಗೆ ಕೊಟ್ಟ ನಾಲ್ಕಾಣೆ ಎಲೆ ತುಣುಕು, ಮಣ್ಣು ಬಳಿದದ್ದಕ್ಕೆ.

ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಆಗಿನ ಬೆಂಗಳೂರಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಒಳಕೋಣೆ ಇರುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ನಮ್ಮಲ್ಲಿಯೂ ಇತ್ತು. 1950ರ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರು ಹಿಡಿದೇ ಹೇಳಿ, ಜಾತಿ ನೋಡಿ ಯಾರನ್ನೂ ತಡೆಯಕೂಡದು ಅಂದಿತು. 1955ರಲ್ಲಿ ಅಸ್ಪೃಶ್ಯತೆ ಅಪರಾಧವಾಗುವ ಕಾಯ್ದೆ ಬಂತು. ಒಳಕೋಣೆಯ ತಟ್ಟಿ ಕಿತ್ತರು, ಅಲ್ಲಿಗೆ ಎರಡು ಮೇಜು ಹೆಚ್ಚಾದವು, ವ್ಯಾಪಾರವೂ ಹೆಚ್ಚಾಯಿತು. ಮುಂಬಾಗಿಲು ಹೀಗೆ ತೆರೆಯಿತು. ಹಿಂಬಾಗಿಲಿನ ಕಟ್ಟಳೆಯನ್ನು ಯಾವ ಕಾಯ್ದೆಯೂ ಮುಟ್ಟಲಿಲ್ಲ. ಒಲೆಯ ಮುಂದೆ ಭಟ್ಟರು, ಮೋರಿಯ ಮುಂದೆ ಮೋರಿಯವನು. ಆತನಿಗೆ ಇಡ್ಲಿ ಕೊಡುತ್ತಿದ್ದುದು ಎಲೆಯಲ್ಲಿ ಕಟ್ಟಿ, ಮೆಟ್ಟಿಲ ಮೇಲಿಟ್ಟು. ಕಾಫಿ ಕುಡಿಯಲು ಹಿಂದಿನ ಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ, ತೊಳೆದು ಇಡಬೇಕಾದವನೂ ಆತನೇ.

ಬೆಂಗಳೂರಿನ ನಡುಭಾಗಕ್ಕೆ ಒಳಚರಂಡಿ ಬರತೊಡಗಿದ್ದು 1922ರಲ್ಲಿ. ಇಡೀ ನಗರಕ್ಕೆ ಅದನ್ನು ಹರಡುವ ಯೋಜನೆ 1950ರದ್ದು. ನಮ್ಮ ಹಿಂದಿನ ಸಂದಿಯನ್ನು ಅಗೆದು ಪೈಪ್ ಹೂಳಿದಾಗ ಅಪ್ಪಯ್ಯ ಹೈಸ್ಕೂಲ್ ಹುಡುಗ. ಸ್ಟೋನ್‌ವೇರ್ ಪೈಪು, ಅಂದರೆ ಗಾಜುಬಣ್ಣ ಹೊಯ್ದ ಸುಟ್ಟಮಣ್ಣಿನದು, ಆರಂಗುಲ, ಒಂಬತ್ತಂಗುಲ. ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ, ಸಂದಿಗೆ ಸೆಣಬಿನ ಹುರಿ ಸುತ್ತಿ, ಮೇಲೆ ಸಿಮೆಂಟು ಮೆತ್ತುವುದು. ಇಳಿಜಾರು ಸರಿಯಾಗಿದ್ದರೆ ಪಂಪು ಬೇಡ, ನೀರು ತಾನಾಗಿ ಹರಿಯುತ್ತದೆ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿನ ಊರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಿಗೆ ನೀರು ಇಳಿಯುತ್ತದೆ. ನಮ್ಮ ಕಡೆಯದ್ದು ವೃಷಭಾವತಿಗೆ. ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿ ದಾಟಿ, ಭೈರಮಂಗಲದ ಕೆರೆ ಹೊಕ್ಕು, ಅರ್ಕಾವತಿ ಸೇರುವ ಆ ಹೊಳೆ ಹುಟ್ಟಿದ್ದು ದೊಡ್ಡ ಬಸವಣ್ಣನ ಪಾದದಲ್ಲಿ ಎಂದು ನಂಬಿದ ಊರು ಇದು.

ಒಳಚರಂಡಿ ಬಂದದ್ದರಿಂದ ಆದ ಉಪಕಾರ ಸಣ್ಣದಲ್ಲ. ಮಲದ ಗಾಡಿ ನಿಂತಿತು, ನೊಣ ಕಡಿಮೆಯಾಯಿತು. ಜೊತೆಗೆ ಇನ್ನೊಂದೂ ಆಯಿತು. ತೆರೆದ ಮೋರಿಯಲ್ಲಿ ಏನು ಹೋಗುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ನಾತ ಬಂದರೆ ಅದು ನಮ್ಮದೇ ನಾತ. ಪೈಪ್ ಬಂದ ಮೇಲೆ ಬಚ್ಚಲ ಜಾಲರಿ ದಾಟಿದ ಮರುಗಳಿಗೆ ಅದು ನಮ್ಮದಲ್ಲ. 1964ರಲ್ಲಿ ಜಲಮಂಡಳಿ ರಚನೆಯಾದಾಗ ಅದು ಸರ್ಕಾರದ್ದು ಎಂಬ ಭಾವನೆ ಇನ್ನೂ ಗಟ್ಟಿಯಾಯಿತು. 1974ರಲ್ಲಿ ಕಾವೇರಿ ನೀರು ಬಂದಾಗ ಅಪ್ಪಯ್ಯ ಬಚ್ಚಲಿಗೆ ಮೂರು ನಲ್ಲಿ ಹಾಕಿಸಿದರು. ಚೆಲ್ಲುವವರ ಮೇಲೆ ಸೌಟು ಎತ್ತುವವರು ಇರಲಿಲ್ಲ. ಕಲಗಚ್ಚು ಕೊಳ್ಳುವವರೂ ಒಬ್ಬೊಬ್ಬರಾಗಿ ತಪ್ಪಿದರು. ಕೆರೆಯ ಸುತ್ತ ಮನೆಗಳೆದ್ದು ಹಸು ಕಟ್ಟಲು ಜಾಗವಿಲ್ಲದಾಯಿತು. ಕಿರ್ದಿಯಲ್ಲಿ ಆ ಜಮೆ ಮೂರು ರೂಪಾಯಿಯಿಂದ ಏರಿ, ಇಳಿದು, 1978ರಲ್ಲಿ ಪೂರ್ತಿ ನಿಂತಿದೆ. ಹಂಡೆಗೆ ಹೋಗುತ್ತಿದ್ದದ್ದು ಪೈಪಿಗೆ ಹೋಗತೊಡಗಿತು. ಖರ್ಚಿನ ಬದಿಯಲ್ಲಿ ‘ಬ್ಲಾಕ್ ತೆಗೆಸಿದ್ದು’ ಎಂಬ ಹೊಸ ಬಾಬ್ತು ಸುಮಾರು ಅದೇ ವರ್ಷಗಳಲ್ಲಿ ಶುರುವಾಗುತ್ತದೆ.

ಹೋಟೆಲಿನ ಮುಂಭಾಗ ಶುಚಿಯಾದಷ್ಟೂ ಹಿಂಭಾಗದ ಪೈಪಿಗೆ ಭಾರ ಹೆಚ್ಚಿತು. ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಪದ್ಧತಿ ತಂದರು. ಬೆಂಗಳೂರಿನ ಹೋಟೆಲಿನವರಿಗೆಲ್ಲ ಅದು ಪಾಠವಾಯಿತು. ಬಿಸಿನೀರಿನಲ್ಲಿ ತೊಳೆಯುವುದೇ ಮರ್ಯಾದೆ ಎಂದು ನಾವೂ ಕಲಿತೆವು. ಎಲೆ ಹೋಗಿ ಸ್ಟೀಲ್ ತಟ್ಟೆ ಬಂತು. ಸೌದೆ ಹೋಗಿ ಗ್ಯಾಸ್ ಬಂತು, ಗ್ಯಾಸಿಗೆ ಬೂದಿ ಎಲ್ಲಿಂದ? ಬೂದಿಯ ಜಾಗಕ್ಕೆ ಪಾತ್ರೆ ಪುಡಿ, ಆಮೇಲೆ ದ್ರವದ ಸೋಪು. ಬಿಸಿನೀರೂ ಸೋಪೂ ಸೇರಿ ಜಿಡ್ಡನ್ನು ಕರಗಿಸಿ, ಒಡೆದು, ನೀರಿನಲ್ಲಿ ಬೆರೆಸಿಬಿಡುತ್ತವೆ. ತಟ್ಟೆ ಫಳಫಳ. ಬೆರೆತ ಜಿಡ್ಡು ಹತ್ತಡಿ ಆಚೆ ಪೈಪ್ ತಣ್ಣಗಾದ ಕಡೆ ಮತ್ತೆ ಬೇರ್ಪಟ್ಟು ಗೋಡೆಗೆ ಅಂಟುತ್ತದೆ.

ಜಿಡ್ಡಿನ ಪ್ರಮಾಣವೂ ಬೆಳೆಯಿತು. ಡಾಲ್ಡಾ 1937ರಷ್ಟು ಹಳೆಯದಾದರೂ ಅಜ್ಜಯ್ಯ ಆ ವನಸ್ಪತಿ ಡಬ್ಬಿಯನ್ನು ಒಳಗೆ ಬಿಟ್ಟಿರಲಿಲ್ಲ. ಅಪ್ಪಯ್ಯನ ಕಾಲಕ್ಕೆ ಸಿಹಿಗೆ ಬಂತು, ಪೂರಿಗೆ ಬಂತು. 1990ರ ದಶಕದಲ್ಲಿ ಆಮದು ಸಡಿಲವಾಗಿ ಪಾಮೋಲಿನ್ ಡಬ್ಬಗಳು ಸಾಲುಗಟ್ಟಿ ಬಂದವು, ಎಣ್ಣೆಯನ್ನು ಅಳೆದು ಬಿಡುವ ಕೈಯೇ ಮರೆಯಿತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದದ್ದು ಇನ್ನೊಂದು ತಿರುವು. ನಿಂತು ತಿನ್ನುವುದು, ಟೋಕನ್ ಕೊಟ್ಟು ತಟ್ಟೆ ಎತ್ತಿಕೊಳ್ಳುವುದು, ಐದಾರು ನಿಮಿಷದಲ್ಲಿ ಹೊರಡುವುದು. ಊರಿಗೆ ಊರೇ ಆ ದಾರಿ ಹಿಡಿದಾಗ ನಾವೂ ಕುರ್ಚಿ ತೆಗೆದೆವು. ಕೂತು ತಿನ್ನುವ ಮೂವತ್ತು ಜನರ ಜಾಗದಲ್ಲಿ ನಿಂತು ತಿನ್ನುವ ನೂರು ಜನ ಬಂದು ಹೋದರು. ಹಿಂದೆ ಬಚ್ಚಲು ಅಷ್ಟೇ ದೊಡ್ಡದು, ಪೈಪು ಅದೇ ನಾಲ್ಕಂಗುಲದ್ದು, ಸಂದಿಯ ಕೆಳಗಿನದು ಅದೇ ಆರಂಗುಲದ್ದು. ಆಮೇಲೆ ಬೆಣ್ಣೆದೋಸೆಯ ಕಾಲ. ತುಪ್ಪ ತೊಟ್ಟಿಕ್ಕದ ಇಡ್ಲಿಗೆ ಗಿರಾಕಿಯೇ ಇಲ್ಲ.

ಪೈಪ್ ಕಟ್ಟುವ ಬಗೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪ್ರತಿ ಹೋಟೆಲಿನ ಬ್ಲಾಕ್‌ಗೂ ಆ ಹೋಟೆಲಿನ ತಿಂಡಿಯದೇ ಮೈ. ಡಿಸೆಂಬರ್ ಬಂದರೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುವ ಊರು ಬೆಂಗಳೂರು. ಕುಂದಾಪುರದಲ್ಲಿ ಹರಿಯುವ ತುಪ್ಪ ಇಲ್ಲಿ ಬೆಳಗಿನ ಜಾವಕ್ಕೆ ಗಟ್ಟಿ. ನೆಲದೊಳಗಿನ ಪೈಪಿನಲ್ಲಿ ಅದು ತೆಳ್ಳಗೆ ಮೆತ್ತಿಕೊಂಡ ಮೇಲೆ ಅದಕ್ಕೆ ದೋಸೆಹಿಟ್ಟು ಅಂಟುತ್ತದೆ. ಅಕ್ಕಿ, ಉದ್ದು ರುಬ್ಬಿದ ಗ್ರೈಂಡರ್ ತೊಳೆದ ನೀರು, ಇಡ್ಲಿ ಬಟ್ಟೆ ಒಗೆದ ನೀರು, ಎರಡೂ ಬರೀ ಗಂಜಿ. ಅದರ ಮೇಲೆ ಕಾಫಿ ಡಿಕಾಕ್ಷನ್ನಿನ ಗಸಿ, ಕರಿಬೇವಿನ ಕಡ್ಡಿ, ಸಾಂಬಾರಿನ ಬೇಳೆ. ಇಷ್ಟಾದರೂ ಅದು ಇನ್ನೂ ಮೆತ್ತಗೆ, ಕಡ್ಡಿ ಆಡಿಸಿದರೆ ಬಿಡುತ್ತದೆ. ಕಲ್ಲಿನಂತೆ ಮಾಡುವುದು ಸುಣ್ಣದಂಶ. ಕೊಬ್ಬು ಒಡೆದು ಬಂದ ಆಮ್ಲವು ನೀರಿನ, ಸಿಮೆಂಟಿನ ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿಗೆ ಕರಗದ ಒಂದು ಬಗೆಯ ಸಾಬೂನು ಆಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡುವವರ ಬಕೆಟ್ಟಿನ ಅಂಚಿಗೆ ಕೂರುವ ಬಿಳಿ ಪದರ ಅದರ ನೆಂಟ. ಕಾವೇರಿ ಸಾಲದೆ ನಾವು ಬೋರ್‌ವೆಲ್ ತೋಡಿಸಿದ ಮೇಲೆ ನಮ್ಮ ಬ್ಲಾಕ್‌ಗಳು ಮೆತ್ತಗಿನಿಂದ ಗಟ್ಟಿಗೆ ತಿರುಗಿದ್ದು ನನ್ನ ಕಣ್ಣೆದುರಿಗೇ. ಸ್ಟೋನ್‌ವೇರ್ ಪೈಪಿನ ಸಿಮೆಂಟು ಬಿಟ್ಟ ಸಂದುಗಳಲ್ಲಿ ಮರದ ಬೇರು ಬೇರೆ ನುಗ್ಗಿರುತ್ತದೆ. ಆ ಬೇರಿನ ಜಡೆಯಲ್ಲಿ ಜಿಡ್ಡು ಸಿಕ್ಕಿಕೊಂಡರೆ ಮುಗಿಯಿತು.

ಇದು ಎಲ್ಲೆಲ್ಲೂ ಇರುವ ಕಥೆ. ಲಂಡನ್ನಿನಲ್ಲಿ 1858ರ ದುರ್ನಾತದ ಬೇಸಿಗೆಯ ನಂತರ ಬ್ಯಾಜಲ್‌ಜೆಟ್ ಕಟ್ಟಿದ ಒಳಚರಂಡಿ ಲೋಕಪ್ರಸಿದ್ಧ. ಅದೇ ಊರಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಬಂಡೆ ಸಿಕ್ಕಿತು. ಮರುವರ್ಷ ಅದರ ಒಂದು ತುಂಡನ್ನು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಜನ ಸಾಲು ನಿಂತು ನೋಡಿದರು. ನಮ್ಮ ಜಿಡ್ಡನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಅದನ್ನು ಕೈಯಿಂದ ತೆಗೆದವರೂ ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲ.

ಅಪ್ಪಯ್ಯನ ಕಾಲದಲ್ಲಿ ಪೈಪ್ ಕಟ್ಟಿದರೆ ಬರುತ್ತಿದ್ದವನು ಅಜ್ಜಯ್ಯನ ಮೋರಿಯವನ ಮಗ. ಮನೆಮಾತು ತೆಲುಗು. ಉದ್ದನೆಯ ಬಿದಿರು ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ಹೆಗಲ ಮೇಲೆ ಹೊತ್ತು ಸಂದಿಯಲ್ಲೇ ಬರುತ್ತಿದ್ದ. ಚೇಂಬರಿನ ಮುಚ್ಚಳ ಎತ್ತಿ, ಒಳಗಿಳಿದು, ಎದೆಮಟ್ಟದ ನೀರಿನಲ್ಲಿ ನಿಂತು ದಬ್ಬೆಯನ್ನು ತಳ್ಳಿ ಎಳೆದು, ಕೊನೆಗೆ ಕೈಯಿಂದಲೇ ಬಾಚುತ್ತಿದ್ದ. ಇಳಿಯುವ ಮುಂಚೆ ಸಾರಾಯಿ ಬೇಕು. ಅದಕ್ಕೆ ಕೊಟ್ಟ ದುಡ್ಡು ‘ಇತರೆ’ ಎಂದು ಕಿರ್ದಿಯಲ್ಲಿದೆ. ಮುಚ್ಚಿಟ್ಟ ಚೇಂಬರಿನಲ್ಲಿ ಕೊಳೆತ ಹಿಟ್ಟು, ಬೇಳೆ, ಜಿಡ್ಡಿನಿಂದ ಏಳುವ ಗಾಳಿ ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದರೆ ನಾತ ತಿಳಿಯುವ ಮೂಗಿನ ಶಕ್ತಿಯೇ ಹೋಗುತ್ತದೆ, ಹಿಂದೆಯೇ ಪ್ರಜ್ಞೆಯೂ.

ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ. ಆದರೂ 2010ರಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನು ಮೈಗೆ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರ ಕಾಯ್ದೆ ರಕ್ಷಣೆಯ ಸಲಕರಣೆಯಿಲ್ಲದೆ ಒಳಚರಂಡಿಗೆ ಮನುಷ್ಯನನ್ನು ಇಳಿಸುವುದನ್ನು ಅಪರಾಧ ಮಾಡಿತು. ಮರುವರ್ಷ ಸುಪ್ರೀಂ ಕೋರ್ಟ್, 1993ರಿಂದ ಈಚೆಗೆ ಹೀಗೆ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ನಡುವೆ, 2017ರ ಮಾರ್ಚಿನಲ್ಲಿ, ನಮ್ಮದೇ ಊರಿನ ಸಿ.ವಿ. ರಾಮನ್ ನಗರದಲ್ಲಿ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. ಬಿದಿರು ದಬ್ಬೆಯವನ ಮಗ ಮಾತ್ರ ಈ ಕೆಲಸಕ್ಕೆ ಬರಲಿಲ್ಲ, ಆಟೋ ಓಡಿಸುತ್ತಾನೆ. ಅವನು ನನ್ನ ಕೌಂಟರಿನಲ್ಲಿ ಟೋಕನ್ ತೆಗೆದು ನಿಂತು ಕಾಫಿ ಕುಡಿದ ದಿನ ನನ್ನ ಮಟ್ಟಿಗೆ ಸಂವಿಧಾನ ಬಂದ 1950ಕ್ಕಿಂತ ದೊಡ್ಡದು.

ಮನುಷ್ಯ ಇಳಿಯಕೂಡದು ಎಂದ ಮೇಲೆ ಯಂತ್ರ ಬಂತು. ಜೆಟ್ಟಿಂಗ್ ಮೆಷಿನ್ ಒತ್ತಡದ ನೀರಿನಿಂದ ಪೈಪ್ ಬಿಡಿಸುತ್ತದೆ, ಸಕ್ಕಿಂಗ್ ಮೆಷಿನ್ ಹೀರುತ್ತದೆ. ಅವು ಬರಬೇಕಾದ ಹಿಂದಿನ ಸಂದಿ ಮಾತ್ರ ಅಷ್ಟರಲ್ಲಿ ಮಾಯವಾಗಿತ್ತು. ಗಾಡಿ ನಿಂತ ಮೇಲೆ ಸಂದಿ ಯಾರಿಗೂ ಬೇಡವಾಗಿ, ಆಮೇಲೆ ಎಲ್ಲರಿಗೂ ಬೇಕಾಗಿ, ಒಬ್ಬರು ಶೆಡ್ಡು, ಒಬ್ಬರು ಮೆಟ್ಟಿಲು, ಒಬ್ಬರು ಸ್ಕೂಟರ್ ನಿಲ್ದಾಣ ಮಾಡಿಕೊಂಡರು. ಚೇಂಬರಿನ ಮುಚ್ಚಳಗಳ ಮೇಲೆ ಟೈಲ್ಸು ಬಿತ್ತು. ಭಾನುವಾರ ಬೆಳಗ್ಗೆ ಎಂಟೂವರೆಗೆ, ಕೌಂಟರಿನ ಮುಂದೆ ಜನ ತುಂಬಿರುವಾಗಲೇ ಬಚ್ಚಲ ನೀರು ಮೇಲೇರುವುದು ಈ ಕಸುಬಿನ ಹಣೆಬರಹ. ಆಗ ಕೈಗೆ ಸಿಕ್ಕಿದ್ದೆಲ್ಲ ಮದ್ದು: ಕುದಿಯುವ ನೀರು, ಕಾಸ್ಟಿಕ್ ಸೋಡಾ, ಆಸಿಡ್, ಯಾರೋ ದುಬಾರಿಗೆ ಮಾರಿ ಹೋದ ಎನ್‌ಜೈಮ್ ಪುಡಿ. ಇವುಗಳಿಂದ ನೀರು ಇಳಿಯುವುದು ನಿಜ. ಜಿಡ್ಡು ನಮ್ಮ ಚೇಂಬರ್ ಬಿಟ್ಟು ಪಕ್ಕದವರ ಚೇಂಬರ್ ಮುಟ್ಟಿದೆ ಎಂದಷ್ಟೇ ಅದರ ಅರ್ಥ. ಅಪ್ಪಯ್ಯ ನಗುತ್ತಾ ಹೇಳುತ್ತಿದ್ದರು: ‘ಮುಂದಿನ ಬಾಗ್ಲಿಂದ ದುಡ್ಡ್ ಬತ್ತ್, ಹಿಂದಿನ ಬಾಗ್ಲಿಂದ ಹೋತ್ತ್.’

ಜಿಡ್ಡನ್ನು ಪೈಪಿಗೆ ಬಿಡದೆ ಮೊದಲೇ ಹಿಡಿದಿಡುವ ಗ್ರೀಸ್ ಟ್ರ್ಯಾಪ್ ಹೊಸ ಶೋಧವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೇ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಆಗಿತ್ತು. ತತ್ವ ಸರಳ: ಓಡುವ ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು. ನಾವು ಹಿಂಬಾಗಿಲ ಬಳಿ ನೆಲದೊಳಗೆ ಮೂರು ಕೋಣೆಯ ತೊಟ್ಟಿ ಕಟ್ಟಿಸಿದೆವು. ಬಚ್ಚಲ ನೀರು ಮೊದಲ ಕೋಣೆಗೆ ಬಿದ್ದು ವೇಗ ಕಳೆದುಕೊಳ್ಳುತ್ತದೆ, ತಣಿಯುತ್ತದೆ. ಕಾಫಿ ಗಸಿ, ಬೇಳೆ, ಅಕ್ಕಿ ತಳಕ್ಕೆ ಕೂರುತ್ತವೆ. ಜಿಡ್ಡು ಆರಿದ ಹಾಲಿನ ಕೆನೆಯಂತೆ ಮೇಲೆ ಕಟ್ಟುತ್ತದೆ. ನಡುವಿನ ನೀರು ಮಾತ್ರ ಅಡ್ಡಗೋಡೆಯ ಅಡಿಯಿಂದ ಮುಂದಿನ ಕೋಣೆಗೆ, ಅಲ್ಲಿಂದ ಚೇಂಬರಿಗೆ. ನೀರು ಅರ್ಧ ಗಂಟೆಯಾದರೂ ನಿಲ್ಲುವಷ್ಟು ತೊಟ್ಟಿ ದೊಡ್ಡದಿರಬೇಕು. ಚಿಕ್ಕದಾದರೆ ಬೆಳಗಿನ ನೂಕುನುಗ್ಗಲಿನಲ್ಲಿ ಜಿಡ್ಡು ಹಾಗೇ ದಾಟುತ್ತದೆ. ಕಕ್ಕಸಿನ ಪೈಪನ್ನು ಇದಕ್ಕೆ ಸೇರಿಸಕೂಡದು. ಕುದಿನೀರು ಸುರಿದು ಇದನ್ನು ತೊಳೆಯಲೂ ಕೂಡದು, ಹಿಡಿದಿಟ್ಟದ್ದೆಲ್ಲ ಕರಗಿ ಹೊರಡುತ್ತದೆ. ಮೇಲಿನ ಜಿಡ್ಡು, ಕೆಳಗಿನ ಗಸಿ ಸೇರಿ ಆಳದ ಕಾಲುಭಾಗ ಆದರೆ ಬಳಿಯಲೇಬೇಕು. ಮುಚ್ಚಳ ತೆಗೆದು ಒಂದು ಕೋಲು ಇಳಿಸಿದರೆ ಗೊತ್ತಾಗುತ್ತದೆ.

ಬಳಿಯುವವರು ಯಾರು ಎಂಬ ಪ್ರಶ್ನೆ ಬಂದೇ ಬಂತು. ಹೊರಗಿನಿಂದ ಒಬ್ಬನನ್ನು ಕರೆಸೋಣ ಎಂದರು ಅಡುಗೆಯವರು. ಹಾಗಾದರೆ ತೊಟ್ಟಿ ಕಟ್ಟಿಸಿ ಏನು ಬಂತು? ನೆಲದ ಮೇಲೆ ನಿಂತು ಉದ್ದ ಹಿಡಿಯ ಸೌಟಿನಲ್ಲಿ ತೆಗೆಯುವ ಕೆಲಸ ಅದು, ಯಾರೂ ಇಳಿಯಬೇಕಿಲ್ಲ. ಕೈಗೆ ಗವಸು, ಮೂಗಿಗೆ ಮಾಸ್ಕು. ಮೊದಲು ನಾನು ಬಳಿದೆ. ಈಗ ಸರದಿ ಇದೆ, ದೋಸೆಯ ಕಾವಲಿಯವರೂ ಅದರಲ್ಲಿ ಸೇರಿದ್ದಾರೆ. ಒಮ್ಮೆ ಬಳಿದವನು ತಟ್ಟೆಯನ್ನು ಒಣಗಿನಲ್ಲೇ ಒರೆಸದೆ ಬಚ್ಚಲಿಗೆ ಎಸೆಯುವುದಿಲ್ಲ. ಬಾಣಲೆಯ ತಳದ ಎಣ್ಣೆಯನ್ನು ನಲ್ಲಿ ಕೆಳಗೆ ಹಿಡಿಯುವುದಿಲ್ಲ. ಯಾವ ತರಬೇತಿಯೂ ಕಲಿಸದ್ದನ್ನು ಆ ಸೌಟು ಕಲಿಸಿತು. ಬಳಿದದ್ದಕ್ಕೆ ಮರದ ಹೊಟ್ಟು ಬೆರೆಸಿ ಡ್ರಮ್ಮಿಗೆ ತುಂಬಿ, ಒಯ್ಯುವವರಿಗೆ ದುಡ್ಡು ಕೊಡುತ್ತೇವೆ. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿ ಪುಸ್ತಕದಲ್ಲಿ ಬರೆಯುತ್ತೇವೆ, ಒಯ್ದವರ ಹೆಸರು ಸಮೇತ.

ಕರಿದ ಎಣ್ಣೆಯ ಕಥೆ ಬೇರೆ ದಿಕ್ಕು ಹಿಡಿಯಿತು. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ, ಟೋಟಲ್ ಪೋಲಾರ್ ಕಾಂಪೌಂಡ್ ಶೇ. 25 ಮೀರಿದ ಎಣ್ಣೆಯಲ್ಲಿ ಮತ್ತೆ ಕರಿಯಕೂಡದು ಎಂದಿತು. ಅದೇ ವರ್ಷ ಆ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ಯೋಜನೆಯೂ ಬಂತು. ಕೊಳ್ಳುವವರು ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಸುಮಾರು ನಲವತ್ತು ವರ್ಷ ಬರೀ ಖರ್ಚಿನ ಬದಿಯಲ್ಲಿದ್ದ ಉಳಿಕೆ ಹೀಗೆ ಒಂದಿಷ್ಟು ಮತ್ತೆ ಜಮೆಗೆ ಬಂತು. ಹಿಂದೆ ದನ ಕೊಂಡದ್ದನ್ನು ಈಗ ಲಾರಿಯ ಎಂಜಿನ್ ಕೊಳ್ಳುತ್ತಿದೆ. ಉಳಿದದ್ದಕ್ಕೆ ಬೆಲೆ ಇದ್ದಾಗ ಯಾರೂ ಅದನ್ನು ಮೋರಿಗೆ ಸುರಿಯುವುದಿಲ್ಲ. ಬೆಲೆ ಇಲ್ಲದ ಜಿಡ್ಡಿಗೇ ಕಾಯ್ದೆಯೂ ಬೇಕು, ತೊಟ್ಟಿಯೂ ಬೇಕು, ಮಾಲೀಕನ ಕೈಯೂ ಬೇಕು.

ಈಗಲೂ ನಮ್ಮ ಊರ ಕಡೆಯ ಹುಡುಗರು ಬೆಂಗಳೂರಿನಲ್ಲಿ ಹೋಟೆಲ್ ಇಡುತ್ತೇವೆಂದು ಬಂದು ಸಲಹೆ ಕೇಳುತ್ತಾರೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕಾಲೇಜು ಎಷ್ಟು ದೂರ, ಪಾರ್ಕಿಂಗ್ ಉಂಟಾ ಎಂದು ಎಲ್ಲ ನೋಡಿಕೊಂಡು ಬಂದಿರುತ್ತಾರೆ. ನಾನು ಹೇಳುವುದು ಇಷ್ಟೆ: ಕಟ್ಟಡ ಒಪ್ಪುವ ಮುಂಚೆ ಹಿಂದಕ್ಕೆ ಹೋಗಿ, ಚೇಂಬರಿನ ಮುಚ್ಚಳ ತೆಗೆಸಿ ನೋಡಿ. ಮುಚ್ಚಳ ಎಲ್ಲಿದೆ ಎಂದೇ ಮಾಲೀಕರಿಗೆ ಗೊತ್ತಿಲ್ಲದಿದ್ದರೆ ಆ ಜಾಗ ಬೇಡ. ಗೋಡೆಯ ಮೇಲೆ ಬಿಳಿ ಜಿಡ್ಡಿನ ಗೆರೆ ಎಷ್ಟು ಎತ್ತರಕ್ಕಿದೆಯೋ ಅಷ್ಟು ಎತ್ತರಕ್ಕೆ ಹಿಂದಿನ ಹೋಟೆಲಿನವರ ನೀರು ನಿಂತಿತ್ತು ಎಂದು ತಿಳಿಯಿರಿ. ಮೂರು ಕೋಣೆಯ ತೊಟ್ಟಿಗೆ ಜಾಗ ಬಿಟ್ಟು ಉಳಿದದ್ದರಲ್ಲಿ ಅಡುಗೆಮನೆಯ ನಕ್ಷೆ ಹಾಕಿ. ಆಮೇಲೆ ಬೇಕಾದರೆ ದೋಸೆಯ ಮಾತಾಡೋಣ.